ಕೈಯಳತೆಗೆ ಕೀಬೋರ್ಡು, ಕೈಯಳತೆಗೆ ಮೌಸು

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಎರಡೂ ಕೈಗಳನ್ನು ಪಕ್ಕಕ್ಕೆ ಸಡಿಲವಾಗಿ ಇಳಿಬಿಡಿ. ಹಾಗೇ ಮೊಣಕೈ ಮಡಿಸಿ ಮುಂಗೈಯನ್ನು ಮೇಜಿನ ಎತ್ತರಕ್ಕೆ ತನ್ನಿ. ಬೇರೇನನ್ನೂ ಸರಿಪಡಿಸಿಕೊಳ್ಳಬೇಡಿ. ಈಗ ನಿಮ್ಮ ಕೈಗಳನ್ನು ನೋಡಿಕೊಳ್ಳಿ. ಅಂಗೈಗಳು ಒಂದನ್ನೊಂದು ನೋಡುತ್ತಿವೆ. ಎರಡು ಕೈಗಳ ನಡುವೆ ನಿಮ್ಮ ಭುಜದಷ್ಟೇ ಅಗಲ ಇದೆ. ಬೆರಳ ತುದಿಗಳು ಒಂದು ಗೆರೆಯಲ್ಲಿಲ್ಲ. ನಡುಬೆರಳು ಮುಂದಿದೆ, ಕಿರುಬೆರಳು ಹಿಂದುಳಿದಿದೆ. ಹೆಬ್ಬೆರಳು ಉಳಿದ ನಾಲ್ಕಕ್ಕೆ ಎದುರಾಗಿ ನಿಂತಿದೆ.

ಇನ್ನು ಎದುರಿಗೆ ಕೀಬೋರ್ಡ್ ಇದೆ ಎಂದುಕೊಂಡು ಟೈಪ್ ಮಾಡುವ ಭಂಗಿಗೆ ಬನ್ನಿ. ಏನೇನು ಬದಲಾಯಿತು? ಅಂಗೈಗಳು ನೆಲಕ್ಕೆ ತಿರುಗಿದವು. ಕೈಗಳೆರಡೂ ಎದೆಯ ಮುಂದೆ ಕೂಡಿಕೊಂಡವು. ಮುಂಗೈ ಓರೆಯಾಗಿ ಒಳಬಂದದ್ದರಿಂದ, ಬೆರಳು ನೇರವಾಗಬೇಕಾದರೆ ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗಬೇಕಾಯಿತು. ಕೀಬೋರ್ಡಿನ ಹಿಂದಿನ ಕಾಲುಗಳನ್ನು ಎತ್ತಿಟ್ಟಿದ್ದರೆ ಮಣಿಕಟ್ಟು ಮೇಲಕ್ಕೂ ಮಡಚಿತು. ಮಣಿಕಟ್ಟಿನೊಳಗಿನ ಇಕ್ಕಟ್ಟಾದ ಓಣಿಯಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಸಾಗಿಹೋಗುತ್ತವೆ. ಮಣಿಕಟ್ಟು ನೆಟ್ಟಗಿದ್ದರೆ ಅವು ಸಲೀಸಾಗಿ ಜಾರುತ್ತವೆ, ಮಡಚಿದರೆ ತಿರುವಿನಲ್ಲಿ ಉಜ್ಜುತ್ತವೆ.

ಕೀಬೋರ್ಡ್ ಬದಲಿಸಬೇಕು ಎಂದ ಕೂಡಲೇ ಎಲ್ಲರೂ ಅಕ್ಷರಗಳ ಜೋಡಣೆಗೆ ಕೈಹಾಕುತ್ತಾರೆ. ನನ್ನ ಲೆಕ್ಕದಲ್ಲಿ ಅದು ಕೊನೆಯ ಕೆಲಸ. ಅದಕ್ಕಿಂತ ಮೊದಲು ದೂರ ನೋಡಬೇಕು, ಕೋನ ನೋಡಬೇಕು, ಯಾವ ಬೆರಳ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂದು ನೋಡಬೇಕು.

ಕೀಗಳ ಸಾಲುಗಳು ಓರೆಯಾಗಿರುವ ಈ ಆಕಾರ ಬಂದದ್ದು ಎಲ್ಲಿಂದ? 1874ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದ ಶೋಲ್ಸ್ ಅಂಡ್ ಗ್ಲಿಡನ್ ಟೈಪ್‌ರೈಟರಿನಿಂದ. ಆ ಯಂತ್ರದಲ್ಲಿ ಪ್ರತಿ ಕೀಯ ಕೆಳಗಿನಿಂದ ಒಂದು ಸನ್ನೆಕೋಲು ಹಿಂದಕ್ಕೆ ಹೋಗುತ್ತಿತ್ತು. ನಾಲ್ಕು ಸಾಲುಗಳ ಸನ್ನೆಕೋಲುಗಳು ಒಂದಕ್ಕೊಂದು ತಾಗದೆ ಹೋಗಬೇಕಾದರೆ ಪ್ರತಿ ಸಾಲೂ ಮೇಲಿನ ಸಾಲಿಗಿಂತ ತುಸು ಪಕ್ಕಕ್ಕೆ ಸರಿದಿರಲೇಬೇಕು. ಸನ್ನೆಕೋಲು ಹೋಗಿ ಎಷ್ಟೋ ಕಾಲವಾಯಿತು, ಓರೆ ಮಾತ್ರ ಉಳಿದಿದೆ. ಇಂದಿನ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ 19.05 ಮಿ.ಮೀ., ಅಂದರೆ ಮುಕ್ಕಾಲು ಇಂಚು. ಅಂಕಿಗಳ ಸಾಲಿಗಿಂತ ಕ್ಯೂ ಸಾಲು ಅರ್ಧ ಕೀ ಬಲಕ್ಕಿದೆ, ಕ್ಯೂ ಸಾಲಿಗಿಂತ ಎ ಸಾಲು ಕಾಲು ಕೀ, ಎ ಸಾಲಿಗಿಂತ ಝಡ್ ಸಾಲು ಮತ್ತೆ ಅರ್ಧ ಕೀ. ಮೇಲಿನಿಂದ ಕೆಳಕ್ಕೆ ಬರುವಷ್ಟರಲ್ಲಿ ಒಟ್ಟು 24 ಮಿ.ಮೀ. ಓರೆ.

ಈ ಓರೆ ಬಲಗೈಗೆ ಅಷ್ಟು ಕಷ್ಟವಲ್ಲ. ಬಲ ಮುಂಗೈ ಕೆಳ ಬಲದಿಂದ ಮೇಲಿನ ಎಡಕ್ಕೆ ಬರುತ್ತದೆ, ಕೀಗಳ ಓರೆಯೂ ಅದೇ ದಿಕ್ಕಿನದು. ಎಡಗೈಯ ಕಥೆ ಬೇರೆ. ಎಡಗೈಯ ಬೆರಳುಗಳನ್ನು ಮಡಚಿದರೆ ತುದಿಗಳು ಕೆಳಗೆ, ಎಡಕ್ಕೆ ಬರುತ್ತವೆ. ಝಡ್, ಎಕ್ಸ್, ಸಿ ಕೀಗಳು ಇರುವುದೋ ಕೆಳಗೆ, ಬಲಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಬೆರಳಿಟ್ಟು ಟೈಪ್ ಮಾಡುವುದನ್ನು ಕಲಿತವರಲ್ಲೂ ಎಷ್ಟೋ ಮಂದಿ ಸಿ ಅಕ್ಷರವನ್ನು ನಡುಬೆರಳಿನ ಬದಲು ತೋರುಬೆರಳಿನಲ್ಲಿ ಒತ್ತುವುದು ಕಲಿಕೆಯ ದೋಷವಲ್ಲ. ಕೈ ತನಗೆ ಹತ್ತಿರದ ದಾರಿ ಹುಡುಕಿಕೊಂಡದ್ದು.

ಟೈಪಿಸ್ಟರ ವೇಗ ತಗ್ಗಿಸಲೆಂದೇ ಕ್ವರ್ಟಿ, ಅಂದರೆ ಈಗಿನ ಮಾಮೂಲಿ ಅಕ್ಷರ ಜೋಡಣೆ, ಮಾಡಿದರು ಎಂಬ ಮಾತು ಬಹಳ ಓಡಾಡುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಅದರ ಜೊತೆಗೇ ಬರುವ ಇನ್ನೊಂದು ಮಾತು, ಡ್ವೊರಾಕ್ ಎಂಬ ಬೇರೆ ಜೋಡಣೆ ಕ್ವರ್ಟಿಗಿಂತ ವೇಗ ಎಂಬುದು. ಆಗಸ್ಟ್ ಡ್ವೊರಾಕ್ ಮತ್ತು ವಿಲಿಯಂ ಡೀಲಿ 1936ರಲ್ಲಿ ಈ ಜೋಡಣೆಗೆ ಪೇಟೆಂಟ್ ಪಡೆದರು. ಇಂಗ್ಲಿಷ್ ಪಠ್ಯಕ್ಕೆ ಒತ್ತುವ ಕೀಗಳಲ್ಲಿ ನಡುಸಾಲಿನ, ಅಂದರೆ ಬೆರಳುಗಳು ತಂಗುವ ಸಾಲಿನ, ಪಾಲು ಕ್ವರ್ಟಿಯಲ್ಲಿ ಸುಮಾರು 32%, ಡ್ವೊರಾಕ್‌ನಲ್ಲಿ ಸುಮಾರು 70%. ಬೆರಳು ಓಡುವ ದೂರ ನಿಜವಾಗಿಯೂ ಕಡಿಮೆ. ಹಾಗಾದರೆ ವೇಗ? 1944ರಲ್ಲಿ ಅಮೆರಿಕ ನೌಕಾಪಡೆಯ ವರದಿ ಡ್ವೊರಾಕ್ ಪರವಾಗಿ ಬಂತು. ಆದರೆ ಡ್ವೊರಾಕ್ ಅವರೇ ಆ ಕೆಲಸಕ್ಕೆ ಹತ್ತಿರವಿದ್ದರು ಎಂಬ ಆಕ್ಷೇಪ ಇದೆ. 1956ರಲ್ಲಿ ಅಮೆರಿಕ ಸರ್ಕಾರಕ್ಕಾಗಿ ಅರ್ಲ್ ಸ್ಟ್ರಾಂಗ್ ನಡೆಸಿದ ಪ್ರಯೋಗದಲ್ಲಿ, ಡ್ವೊರಾಕ್‌ಗೆ ಬದಲಾದವರು ಹೆಚ್ಚುವರಿ ತರಬೇತಿ ಪಡೆದ ಕ್ವರ್ಟಿ ಟೈಪಿಸ್ಟರನ್ನು ಮೀರಿಸಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಬೆರಳು ಒತ್ತುತ್ತಿರುವಾಗಲೇ ಮುಂದಿನ ಬೆರಳು ತನ್ನ ಕೀಯ ಕಡೆಗೆ ಹೊರಟಿರುತ್ತದೆ. ಹಾಗಾಗಿ ದೂರ ಕಡಿಮೆಯಾದಷ್ಟೂ ಸಮಯ ಉಳಿಯಿತು ಎಂದೇನಲ್ಲ. ಸುಖ ಹೆಚ್ಚಬಹುದು, ವೇಗ ಹೆಚ್ಚಲೇಬೇಕೆಂದಿಲ್ಲ. ಅಷ್ಟಾಗಿಯೂ ಜೋಡಣೆ ಬದಲಿಸುವ ಮನಸ್ಸಿದ್ದರೆ 2006ರ ಕೋಲ್‌ಮ್ಯಾಕ್ ಜೋಡಣೆ ನೋಡಿ. ಅದು 17 ಕೀಗಳನ್ನಷ್ಟೇ ಸರಿಸುತ್ತದೆ. ಝಡ್, ಎಕ್ಸ್, ಸಿ, ವಿ ನಾಲ್ಕೂ ಇದ್ದಲ್ಲೇ ಇರುವುದರಿಂದ ಕಾಪಿ, ಪೇಸ್ಟ್, ಅನ್‌ಡೂ ಮಾಡುವ ಅಭ್ಯಾಸ ಕೆಡುವುದಿಲ್ಲ.

ಇನ್ನು ದೂರದ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಏನನ್ನೂ ಹೊಸದಾಗಿ ಕಲಿಯದೆ ಸಿಗುವ ದೊಡ್ಡ ಲಾಭ ಇಲ್ಲೇ ಇದೆ. ನಂಬರ್‌ಪ್ಯಾಡ್ ಇರುವ ಪೂರ್ಣ ಅಳತೆಯ ಕೀಬೋರ್ಡ್ ಇಪ್ಪತ್ತೆರಡೂವರೆ ಕೀ ಅಗಲ, ಅಂದರೆ ಸುಮಾರು 429 ಮಿ.ಮೀ.; ಅಂಚಿನ ಪ್ಲಾಸ್ಟಿಕ್ ಬೇರೆ. ನಿಮ್ಮ ಎರಡು ಕೈಗಳ ನಡುಗೆರೆ ಜಿ ಮತ್ತು ಎಚ್ ಕೀಗಳ ಮಧ್ಯೆ ಬೀಳುತ್ತದೆ. ಆ ಗೆರೆ ಎಡ ಅಂಚಿನಿಂದ 129 ಮಿ.ಮೀ. ಒಳಗಿದೆ, ಬಲ ಅಂಚಿನಿಂದ 300 ಮಿ.ಮೀ. ಮೌಸ್ ಶುರುವಾಗುವುದು ಅದರಾಚೆ. ನಂಬರ್‌ಪ್ಯಾಡ್ ತೆಗೆದುಬಿಟ್ಟರೆ ಈ 300 ಮಿ.ಮೀ. 219ಕ್ಕೆ ಇಳಿಯುತ್ತದೆ. ಬಾಣದ ಕೀಗಳ ಗುಂಪನ್ನೂ ತೆಗೆದ, ಹದಿನೈದು ಕೀ ಅಗಲದ ಚಿಕ್ಕ ಕೀಬೋರ್ಡಿನಲ್ಲಿ 157. ಬಲ ತೋಳು ದಿನವಿಡೀ ಹೊರಕ್ಕೆ ಚಾಚಿಕೊಂಡಿರುವುದಕ್ಕೂ ಮೊಣಕೈ ಪಕ್ಕೆಗೆ ಒರಗಿರುವುದಕ್ಕೂ ಇರುವ ವ್ಯತ್ಯಾಸ ಈ 143 ಮಿ.ಮೀ.

ಕೀಬೋರ್ಡನ್ನು ಪರದೆಯ ನಡುವಿಗೆ ಸರಿಯಾಗಿ ಇಡುವವರಿಗೆ ಇನ್ನೊಂದು ತೊಂದರೆ. ಪೂರ್ಣ ಅಳತೆಯ ಕೀಬೋರ್ಡಿನ ನಡುಬಿಂದು ಎಡ ಅಂಚಿನಿಂದ 214 ಮಿ.ಮೀ. ಕೈಗಳ ನಡುಗೆರೆ ಅದಕ್ಕಿಂತ 85 ಮಿ.ಮೀ. ಎಡಕ್ಕಿದೆ. ಹಾಗೆ ಇಟ್ಟು ಕೂತರೆ ಕೈಗಳು ಎಡಕ್ಕೆ, ಮುಖ ನೇರಕ್ಕೆ. ಬೆನ್ನು ಸಣ್ಣದಾಗಿ ತಿರುಚಿಕೊಂಡೇ ಇರುತ್ತದೆ. ಎಫ್, ಜೆ ಕೀಗಳ ಮೇಲಿನ ಉಬ್ಬುಗೆರೆಗಳ ನಡುವೆ ನಿಮ್ಮ ಮೂಗಿನ ನೇರ ಬರುವಂತೆ ಕೀಬೋರ್ಡನ್ನು ಸರಿಸಿಕೊಳ್ಳಿ. ಅಂಕಿ ಹೊಡೆಯುವ ಕೆಲಸ ಬಹಳ ಇದ್ದರೆ ಬಿಡಿ ನಂಬರ್‌ಪ್ಯಾಡನ್ನು ಎಡಕ್ಕೆ ಇಟ್ಟುಕೊಳ್ಳಬಹುದು.

ಸಮಯದ ಲೆಕ್ಕವೂ ಇದೆ. ಕಾರ್ಡ್, ಮೊರಾನ್, ನ್ಯೂಯೆಲ್ ಎಂಬ ಮೂವರು 1980ರಲ್ಲಿ ಮುಂದಿಟ್ಟ ಸರಳ ಮಾದರಿಯ ಪ್ರಕಾರ ನುರಿತ ಕೈಗೆ ಒಂದು ಕೀ ಒತ್ತಲು 0.2 ಸೆಕೆಂಡ್, ಕೀಬೋರ್ಡಿನಿಂದ ಮೌಸ್‌ಗೆ ಕೈ ಹೋಗಲು 0.4, ಗುರಿ ಮುಟ್ಟಲು ಸರಾಸರಿ 1.1. ಹೋಗಿ, ಗುರಿಯಿಟ್ಟು, ಕ್ಲಿಕ್ಕಿಸಿ ವಾಪಸು ಬರುವಷ್ಟರಲ್ಲಿ ಎರಡು ಸೆಕೆಂಡ್ ಆಯಿತು. ಎರಡು ಕೀಗಳ ಶಾರ್ಟ್‌ಕಟ್‌ಗೆ 0.4 ಸೆಕೆಂಡ್. ಆದರೆ ಅದೇ ಮಾದರಿ ಯೋಚಿಸುವುದಕ್ಕೆ 1.35 ಸೆಕೆಂಡ್ ಇಡುತ್ತದೆ. ಶಾರ್ಟ್‌ಕಟ್ ಯಾವುದೆಂದು ಪ್ರತಿ ಸಲ ನೆನಪಿಸಿಕೊಳ್ಳಬೇಕಾದರೆ ಉಳಿತಾಯದ ಬಹುಪಾಲು ಅಲ್ಲೇ ಕರಗಿತು. ಹತ್ತು ಶಾರ್ಟ್‌ಕಟ್‌ಗಳು ಬೆರಳಿಗೆ ಹತ್ತಿದ್ದರೆ ಸಾಕು, ನೂರರ ಪಟ್ಟಿ ಗೋಡೆಗೆ ಅಂಟಿಸಿ ಪ್ರಯೋಜನವಿಲ್ಲ.

ಹೊರೆಯ ಹಂಚಿಕೆಗೆ ಬರೋಣ. ಕೈಯಲ್ಲಿ ಅತಿ ಬಲವಾದದ್ದು, ಸ್ವತಂತ್ರವಾಗಿ ಓಡಾಡುವುದು ಹೆಬ್ಬೆರಳು. ಕೀಬೋರ್ಡಿನಲ್ಲಿ ಎರಡು ಹೆಬ್ಬೆರಳಿಗೆ ಸೇರಿ ಒಂದೇ ಕೆಲಸ: ಸ್ಪೇಸ್ ಬಾರ್. ಆರೂಕಾಲು ಕೀ ಅಗಲ, 119 ಮಿ.ಮೀ. ಉದ್ದದ ಪಟ್ಟಿ, ಹೆಚ್ಚಿನವರು ಅದನ್ನೂ ಒಂದೇ ಹೆಬ್ಬೆರಳಲ್ಲಿ, ಒಂದೇ ಜಾಗದಲ್ಲಿ ಒತ್ತುತ್ತಾರೆ. ಅತಿ ದುರ್ಬಲವಾದ ಬಲ ಕಿರುಬೆರಳಿಗೆ ಎಂಟರ್, ಬ್ಯಾಕ್‌ಸ್ಪೇಸ್, ಶಿಫ್ಟ್, ಉದ್ಧರಣ ಚಿಹ್ನೆ, ಆವರಣ ಚಿಹ್ನೆ ಎಲ್ಲವೂ. ಕಿರುಬೆರಳು ತನ್ನ ತವರಾದ ಅರ್ಧವಿರಾಮದ ಕೀಯಿಂದ ಬ್ಯಾಕ್‌ಸ್ಪೇಸ್‌ಗೆ ಹೋಗಬೇಕಾದರೆ 65 ಮಿ.ಮೀ. ದಾಟಬೇಕು. ಅಷ್ಟು ಚಾಚುವುದಿಲ್ಲ ಅದು. ಇಡೀ ಕೈ ಎತ್ತಲೇಬೇಕು. ತಪ್ಪು ತಿದ್ದುವ ಕೀ ದಿನಕ್ಕೆ ಎಷ್ಟು ಸಲ ಬೇಕಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇನ್ನು ಕ್ಯಾಪ್ಸ್ ಲಾಕ್. ಎಡ ಕಿರುಬೆರಳಿಗೆ ಒಂದೇ ಹೆಜ್ಜೆ ದೂರದಲ್ಲಿರುವ ಬಂಗಾರದಂಥ ಜಾಗ ಅದು. 1981ರ ಐಬಿಎಂ ಪಿಸಿಯಲ್ಲಿ ಅಲ್ಲಿ ಕಂಟ್ರೋಲ್ ಕೀ ಇತ್ತು. ಆಮೇಲೆ ಬಂದ 101 ಕೀಗಳ ಕೀಬೋರ್ಡಿನಲ್ಲಿ ಕಂಟ್ರೋಲ್ ಕೆಳ ಮೂಲೆಗೆ ಹೋಯಿತು, ಕ್ಯಾಪ್ಸ್ ಲಾಕ್ ಬಂದು ಕೂತಿತು. ಇವತ್ತೇ ಮಾಡಬಹುದಾದ ಕೆಲಸ ಇದು: ಆಪರೇಟಿಂಗ್ ಸಿಸ್ಟಂನ ಸೆಟ್ಟಿಂಗ್‌ನಲ್ಲೋ ಒಂದು ಚಿಕ್ಕ ತಂತ್ರಾಂಶದಲ್ಲೋ ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಅಥವಾ ಬ್ಯಾಕ್‌ಸ್ಪೇಸ್ ಆಗಿ ಬದಲಿಸಿ. ಬರೆಯುವುದೇ ಕೆಲಸವಾದವರಿಗೆ ಬ್ಯಾಕ್‌ಸ್ಪೇಸ್, ಪ್ರೋಗ್ರಾಂ ಬರೆಯುವವರಿಗೆ ಕಂಟ್ರೋಲ್ ಎಂದು ನನ್ನ ಶಿಫಾರಸು.

ಹಾಗೆಂದು ನಡುವೆ ಯಾರೂ ಏನೂ ಯೋಚಿಸಲಿಲ್ಲ ಎನ್ನುವಂತಿಲ್ಲ. ಬಾಣದ ಕೀಗಳು ತಲೆಕೆಳಗಾದ ಟಿ ಆಕಾರದಲ್ಲಿ ಇರುವುದನ್ನು ನಾವು ಗಮನಿಸುವುದೂ ಇಲ್ಲ. ಡಿಇಸಿ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿಯ 1982ರ ಎಲ್‌ಕೆ201 ಕೀಬೋರ್ಡು ಈ ಆಕಾರವನ್ನು ರೂಢಿಗೆ ತಂದಿತು. ಮೂರು ಬೆರಳು ಮೂರು ಕೀಗಳ ಮೇಲೆ, ನಡುಬೆರಳು ಮೇಲೆ-ಕೆಳಗೆ. ಅಷ್ಟೇ. ಕೈಗೆ ಸರಿಹೊಂದಿದ ವಿನ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಹಿಂದಿನ ಮಡಚುಕಾಲುಗಳ ವಿಷಯ ಬೇಗ ಮುಗಿಸುತ್ತೇನೆ: ಮಡಚಿಬಿಡಿ. ಅವು ಎತ್ತುವುದು ನೋಡಿ ಟೈಪ್ ಮಾಡುವವರಿಗೆ ಅಕ್ಷರ ಕಾಣಲಿ ಎಂದು. ಬದಲಿಗೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಬೇಕಾದರೆ ಮುಂಭಾಗವನ್ನೇ 10 ಮಿ.ಮೀ. ಎತ್ತಿ ನೋಡಿ, ಮೇಜು ತಗ್ಗಿದ್ದರೆ ಹಿತವಾಗಿರುತ್ತದೆ. ಮೇಜು ಎತ್ತರವಿದ್ದರೆ ಇದಾವುದೂ ಕೆಲಸ ಮಾಡದು, ಕುರ್ಚಿ ಎತ್ತರಿಸಿ ಪಾದದ ಕೆಳಗೆ ಮಣೆ ಇಡಬೇಕು. ಅಂಗೈ ಇಡುವ ಮೆತ್ತೆ ಇದೆಯಲ್ಲ, ಅದು ಟೈಪ್ ಮಾಡುವುದನ್ನು ನಿಲ್ಲಿಸಿದಾಗ ಒರಗಲಿಕ್ಕೆ. ಮಣಿಕಟ್ಟನ್ನು ಅದರ ಮೇಲೆ ಒತ್ತಿಟ್ಟುಕೊಂಡೇ ಟೈಪ್ ಮಾಡಿದರೆ ಆ ಒಂಬತ್ತು ರಜ್ಜುಗಳ ಓಣಿಯನ್ನೇ ಒತ್ತಿದಂತೆ.

ಸ್ವಿಚ್‌ಗಳ ಬಗ್ಗೆ. ಮಾಮೂಲಿ ಕೀಬೋರ್ಡಿನಲ್ಲಿ ಪ್ರತಿ ಕೀಯ ಕೆಳಗೆ ರಬ್ಬರ್ ಗುಮ್ಮಟವಿದೆ. ಅದು ಪೂರ್ತಿ ಕುಸಿದು ತಳ ಮುಟ್ಟಿದಾಗಲೇ ಕೆಳಗಿನ ಹಾಳೆಗಳು ಕೂಡಿ ಅಕ್ಷರ ಮೂಡುತ್ತದೆ. ಅಂದರೆ ಪ್ರತಿ ಸಲವೂ ಬೆರಳು ತಳಕ್ಕೆ ಗುದ್ದಲೇಬೇಕು. ಚೆರಿ ಎಂಎಕ್ಸ್ ಮಾದರಿಯ ಮೆಕ್ಯಾನಿಕಲ್ ಸ್ವಿಚ್‌ನಲ್ಲಿ ಒಟ್ಟು ಪಯಣ 4 ಮಿ.ಮೀ., ಅಕ್ಷರ ಮೂಡುವುದು 2 ಮಿ.ಮೀ. ಆಸುಪಾಸಿನಲ್ಲಿ. ಉಳಿದ 2 ಮಿ.ಮೀ. ಬೆರಳು ನಿಧಾನವಾಗಲು ಇರುವ ಜಾಗ. ಇವುಗಳಲ್ಲಿ ಬಣ್ಣಕ್ಕೊಂದು ಜಾತಿ: ಕೆಂಪು ಸ್ವಿಚ್‌ಗೆ 45 ಗ್ರಾಂ ಭಾರದಷ್ಟು ಒತ್ತಡ ಸಾಕು, ಕಪ್ಪಿಗೆ 60. ಹಗುರವಾದಷ್ಟೂ ಒಳ್ಳೆಯದು ಎಂದುಕೊಂಡು 35 ಗ್ರಾಂ ಸ್ಪ್ರಿಂಗ್ ಹಾಕಿಸಿಕೊಂಡವರ ಪಾಡು ಹೀಗೆ: ಬೆರಳನ್ನು ಕೀ ಮೇಲೆ ಸುಮ್ಮನೆ ಇಟ್ಟರೂ ಅಕ್ಷರ ಬೀಳುತ್ತದೆ, ಬೀಳದಿರಲೆಂದು ಬೆರಳುಗಳನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಾರೆ, ಸಂಜೆಯ ಹೊತ್ತಿಗೆ ಮುಂಗೈಯ ಮೇಲ್ಭಾಗ ಬಿಗಿಯುತ್ತದೆ. ಬೇಕಿದ್ದರೆ ಕಿರುಬೆರಳಿನ ಕೀಗಳಿಗೆ ಮಾತ್ರ ಹಗುರ ಸ್ಪ್ರಿಂಗ್ ಹಾಕಿ. ಹೆಬ್ಬೆರಳಿಗೆ ತುಸು ಗಟ್ಟಿಯಾದದ್ದೇ ಇರಲಿ, ಅದು ಒರಗಿ ಕೂರುವ ಬೆರಳು.

ಈಗ ಕೀಬೋರ್ಡಿನ ಹೊಟ್ಟೆಯೊಳಗೆ ಇಣುಕೋಣ. 104 ಕೀಗಳಿಗೆ 104 ತಂತಿ ಎಳೆಯುವುದಿಲ್ಲ. 6 ಅಡ್ಡಸಾಲು, 18 ಕಂಬಸಾಲು ಮಾಡಿ, ಪ್ರತಿ ಕೀಯನ್ನೂ ಒಂದು ಅಡ್ಡಸಾಲು ಒಂದು ಕಂಬಸಾಲು ಸೇರುವಲ್ಲಿ ಕೂರಿಸಿದರೆ 24 ತಂತಿ ಸಾಕು. ನಿಯಂತ್ರಕ ಚಿಪ್ ಒಂದೊಂದೇ ಸಾಲಿಗೆ ವಿದ್ಯುತ್ ಕೊಟ್ಟು ಯಾವ ಕಂಬದಲ್ಲಿ ಬಂತೆಂದು ನೋಡುತ್ತದೆ. ತೊಂದರೆ ಬರುವುದು ಆಯತದ ಮೂರು ಮೂಲೆಗಳ ಕೀಗಳನ್ನು ಒಟ್ಟಿಗೆ ಒತ್ತಿದಾಗ. ವಿದ್ಯುತ್ ಹಿಮ್ಮುಖವಾಗಿ ಸುತ್ತಿ ಬಂದು ನಾಲ್ಕನೇ ಮೂಲೆಯ ಕೀಯೂ ಒತ್ತಿದಂತೆ ಕಾಣುತ್ತದೆ. ಒತ್ತದ ಅಕ್ಷರ ಮೂಡಬಾರದೆಂದು ಅಗ್ಗದ ಕೀಬೋರ್ಡುಗಳು ಇಂಥ ಸಂದರ್ಭದಲ್ಲಿ ಮೂರನೇ ಕೀಯನ್ನೇ ನುಂಗಿಬಿಡುತ್ತವೆ. ಕೆಲವು ಮೂರು ಕೀಗಳ ಶಾರ್ಟ್‌ಕಟ್ ಒಂದು ಕೀಬೋರ್ಡಿನಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಮಾಡದಿರುವುದು ಇದರಿಂದಲೇ. ಪ್ರತಿ ಸ್ವಿಚ್‌ಗೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4148 ಡಯೋಡ್ ಹಾಕಿದರೆ ಹಿಮ್ಮುಖ ಹರಿವು ನಿಂತು ತೊಂದರೆ ಬುಡದಲ್ಲೇ ಮುಗಿಯುತ್ತದೆ. ಆದರೂ ಆರಕ್ಕಿಂತ ಹೆಚ್ಚು ಕೀ ಬಾರದಿದ್ದರೆ ಡಯೋಡನ್ನು ಬೈಯಬೇಡಿ. ಯುಎಸ್‌ಬಿಯ ಮೂಲ ಕೀಬೋರ್ಡ್ ಸಂದೇಶ 8 ಬೈಟ್‌ನದ್ದು, ಶಿಫ್ಟ್-ಕಂಟ್ರೋಲ್ ಜಾತಿಗೆ ಒಂದು, ಖಾಲಿ ಒಂದು, ಉಳಿದ ಆರರಲ್ಲಿ ಆರು ಕೀ.

ಇನ್ನೊಂದು ಕಾಯಿಲೆ, ಒಂದು ಸಲ ಒತ್ತಿದರೆ ಎರಡು ಅಕ್ಷರ ಬೀಳುವುದು. ಲೋಹದ ಎರಡು ತುದಿಗಳು ಕೂಡುವಾಗ ಚೆಂಡಿನಂತೆ ಪುಟಿಯುತ್ತವೆ, ಕೆಲವು ಮಿಲಿಸೆಕೆಂಡ್ ಕಾಲ. ಫರ್ಮ್‌ವೇರ್, ಅಂದರೆ ಕೀಬೋರ್ಡಿನೊಳಗಿನ ತಂತ್ರಾಂಶ, ಸಾಮಾನ್ಯವಾಗಿ 5 ಮಿಲಿಸೆಕೆಂಡ್ ಕಾದು ನೋಡುತ್ತದೆ. ಧೂಳು ಹೊಕ್ಕ, ತುಕ್ಕು ತಗುಲಿದ ಸ್ವಿಚ್ ಅದಕ್ಕಿಂತ ಹೆಚ್ಚು ಪುಟಿದರೆ ಎರಡು ಅಕ್ಷರ. ಕಾಯುವ ಅವಧಿಯನ್ನು 10ಕ್ಕೆ ಏರಿಸಿದರೆ ಲಕ್ಷಣ ಮಾಯವಾಗುತ್ತದೆ, ರೋಗ ಅಲ್ಲೇ ಇರುತ್ತದೆ. ಸ್ವಿಚ್ ಬದಲಿಸುವುದೇ ಸರಿ.

ಈಗ ಪದರಗಳು. ಎರಡು ತುಂಡಾದ ಕೀಬೋರ್ಡುಗಳು ಬಂದಿವೆ: ಎರ್ಗೋಡಾಕ್ಸ್‌ಗೆ 76 ಕೀ, ಕೋರ್ನೆಗೆ ಬರೀ 42. ಎರಡು ಭಾಗಗಳನ್ನು ಭುಜದಗಲಕ್ಕೆ ದೂರವಿಟ್ಟು, ಹೆಬ್ಬೆರಳ ಕಡೆಯ ಅಂಚನ್ನು ಹತ್ತು ಹದಿನೈದು ಡಿಗ್ರಿ ಎತ್ತಿದರೆ, ಮೊದಲು ನೋಡಿದ ಆ ಸಹಜ ಭಂಗಿಗೆ ಕೈ ಹತ್ತಿರ ಬರುತ್ತದೆ. 42 ಕೀಗಳಲ್ಲಿ ಅಂಕಿ, ಚಿಹ್ನೆ ಎಲ್ಲ ಹೇಗೆ? ಹೆಬ್ಬೆರಳಲ್ಲಿ ಒಂದು ಕೀ ಹಿಡಿದರೆ ಉಳಿದವುಗಳ ಅರ್ಥವೇ ಬದಲಾಗುತ್ತದೆ; ಇಂಥ ಒಂದೊಂದು ಅರ್ಥದ ಗುಂಪೇ ಒಂದು ಪದರ. ಶಿಫ್ಟ್ ಮಾಡುವ ಕೆಲಸವೇ ಇದು, ಇನ್ನಷ್ಟು ಮುಂದಕ್ಕೆ. ಬೆರಳು ಕೀಗೆ ಹೋಗುವ ಬದಲು ಕೀ ಬೆರಳಿಗೆ ಬರುತ್ತದೆ.

ಕೀ ಕಡಿಮೆ, ನೆನಪಿನ ಹೊರೆ ಹೆಚ್ಚು ಎಂಬ ಈ ಒಪ್ಪಂದ ಹೊಸದಲ್ಲ. ಮೌಸ್ ಕಂಡುಹಿಡಿದ ಡಗ್ಲಾಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸ್ ತೋರಿಸಿದಾಗ ಅವರ ಎಡಗೈಯಲ್ಲಿ ಐದೇ ಕೀಗಳ ಒಂದು ಪುಟ್ಟ ಸಾಧನವೂ ಇತ್ತು. ಪಿಯಾನೋದಂತೆ ಕೂಡಿಸಿ ಒತ್ತಿದರೆ ಐದು ಕೀಗಳಲ್ಲಿ 31 ಸಂಯೋಜನೆ, ಅಕ್ಷರಮಾಲೆಗೆ ಸಾಕು. ಮೌಸ್ ಲೋಕ ಗೆದ್ದಿತು, ಈ ಸಾಧನವನ್ನು ಕೇಳುವವರಿಲ್ಲ. ಮೌಸ್ ಹಿಡಿದವನಿಗೆ ಒಂದೇ ನಿಮಿಷದಲ್ಲಿ ಅದು ಏನೆಂದು ತಿಳಿಯುತ್ತದೆ. ಐದು ಕೀಗಳ ಮೇಲೆ ಏನೂ ಬರೆದಿರಲಿಲ್ಲ, ಎಲ್ಲವನ್ನೂ ಬಾಯಿಪಾಠ ಮಾಡಬೇಕಿತ್ತು. ಪದರಗಳಿಗೂ ಅದೇ ಬೆಲೆ ತೆರಬೇಕು. ಅದಕ್ಕೇ ಒಂದು ಮಾತು: ಪದರ ಮಾಡುವುದಾದರೆ ಮೊದಲು ಬಾಣದ ಕೀಗಳನ್ನು ಬಲಗೈಯ ನಡುಸಾಲಿಗೆ ತನ್ನಿ. ಅದೊಂದು ಕೈಗೆ ಹತ್ತಿದ ಮೇಲೆ ಅಂಕಿ. ಚಿಹ್ನೆಗಳು ಕೊನೆಗೆ.

ಒಂದೇ ಕೀಗೆ ಎರಡು ಕೆಲಸ ಕೊಡುವ ಉಪಾಯವೂ ಇದೆ. ತಟ್ಟಿದರೆ ಎ, ಹಿಡಿದರೆ ಕಂಟ್ರೋಲ್. ಕೇಳಲು ಚೆಂದ. ತಟ್ಟಿದ್ದೋ ಹಿಡಿದದ್ದೋ ತೀರ್ಮಾನಿಸಲು ಕ್ಯೂಎಂಕೆ ಎಂಬ ಫರ್ಮ್‌ವೇರ್ ಇಟ್ಟುಕೊಂಡಿರುವ ಗಡುವು 200 ಮಿಲಿಸೆಕೆಂಡ್. ನಿಮಿಷಕ್ಕೆ 60 ಪದ ಹೊಡೆಯುವವರು ನಿಮಿಷಕ್ಕೆ 300 ಕೀ ಒತ್ತುತ್ತಾರೆ, ಅಂದರೆ ಎರಡು ಕೀಗಳ ನಡುವೆ 200 ಮಿಲಿಸೆಕೆಂಡ್. ಗಡುವೂ ಅಷ್ಟೇ, ಕೀಗಳ ಅಂತರವೂ ಅಷ್ಟೇ! ವೇಗದಲ್ಲಿ ಮೊದಲ ಬೆರಳು ಏಳುವ ಮುನ್ನವೇ ಎರಡನೆಯದು ಬಿದ್ದಿರುತ್ತದೆ. ಎ ಆಗಬೇಕಾದದ್ದು ಕಂಟ್ರೋಲ್ ಆಗಿ, ಕೊನೆಗೆ ಪದದ ಮಧ್ಯೆ ಕಡತ ಮುಚ್ಚಿಹೋಗುತ್ತದೆ. ಎದುರು ಕೈಯ ಕೀ ಒತ್ತಿದಾಗ ಮಾತ್ರ ಕಂಟ್ರೋಲ್ ಎಂದು ಎಣಿಸುವಂತೆ ಫರ್ಮ್‌ವೇರ್‌ಗೆ ಹೇಳಿದರೆ ಇಂಥ ಅಪಘಾತ ಬಹುಪಾಲು ನಿಲ್ಲುತ್ತದೆ. ಹೆಬ್ಬೆರಳ ಕೀಗಳಲ್ಲಿ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ, ನಡುಸಾಲಿನಲ್ಲಿ ತಾಳ್ಮೆ ಬೇಡುತ್ತದೆ.

ಮೌಸ್‌ಗೆ ಬರೋಣ. ಎಂಗೆಲ್‌ಬಾರ್ಟ್ ಅವರ ಮೊದಲ ಮೌಸನ್ನು ಬಿಲ್ ಇಂಗ್ಲಿಷ್ 1964ರಲ್ಲಿ ಕಟ್ಟಿದರು. ಮರದ ಪೆಟ್ಟಿಗೆ, ಕೆಳಗೆ ಒಂದಕ್ಕೊಂದು ಲಂಬವಾಗಿ ಎರಡು ಚಕ್ರ. ಅದಕ್ಕಿಂತ ಮುಂಚೆಯೇ ಟ್ರ್ಯಾಕ್‌ಬಾಲ್, ಅಂದರೆ ಕೂತಲ್ಲೇ ಚೆಂಡು ಉರುಳಿಸಿ ಗುರಿ ತೋರುವ ಸಾಧನ, ಇತ್ತು. ಕೆನಡಾದ ನೌಕಾಪಡೆಯ ಡಾಟರ್ ಯೋಜನೆಯಲ್ಲಿ 1952ರ ಹೊತ್ತಿಗೆ ಮಾಡಿದ್ದಕ್ಕೆ ಬೌಲಿಂಗ್ ಆಟದ ಚೆಂಡನ್ನೇ ಬಳಸಿದ್ದರು. 1978ರಲ್ಲಿ ಕಾರ್ಡ್, ಇಂಗ್ಲಿಷ್, ಬರ್ ಮೂವರು ಮೌಸನ್ನು ಜಾಯ್‌ಸ್ಟಿಕ್, ಬಾಣದ ಕೀಗಳ ಜೊತೆ ಹೋಲಿಸಿ ನೋಡಿದರು. ಮೌಸ್ ಗೆದ್ದಿತು. ಗೆದ್ದದ್ದಕ್ಕಿಂತ ದೊಡ್ಡ ವಿಷಯ ಅದರ ವೇಗ ಬರಿಗೈಯಿಂದ ಗುರಿ ಮುಟ್ಟುವ ವೇಗಕ್ಕೆ ಬಹಳ ಹತ್ತಿರವಿತ್ತು ಎಂಬುದು. ಅಂದರೆ ಕೈಯ ಮಿತಿಯನ್ನೇ ಅದು ಮುಟ್ಟಿಬಿಟ್ಟಿದೆ. ಇನ್ನೂ ವೇಗದ ಮೌಸ್ ಎಂಬ ಜಾಹೀರಾತು ನೋಡಿದಾಗ ಇದನ್ನು ನೆನಪಿಡಿ. ಇಲ್ಲಿ ಸುಧಾರಿಸಲು ಉಳಿದಿರುವುದು ಭಂಗಿ.

ನಿಂತ ಮೌಸ್, ಅಂದರೆ ಕೈಕುಲುಕುವ ಭಂಗಿಯಲ್ಲಿ 57–60 ಡಿಗ್ರಿ ವಾಲಿಸಿ ಹಿಡಿಯುವಂಥದ್ದು, ಮುಂಗೈಯ ತಿರುಚನ್ನು ಕಳೆಯುತ್ತದೆ. ಅದರ ದೋಷವನ್ನು ಅಂಗಡಿಯವರು ಹೇಳುವುದಿಲ್ಲ. ಮಾಮೂಲಿ ಮೌಸ್‌ನಲ್ಲಿ ಕ್ಲಿಕ್ ಮಾಡುವ ಬಲ ಕೆಳಕ್ಕೆ, ಮೇಜಿನತ್ತ ಹೋಗುತ್ತದೆ. ನಿಂತ ಮೌಸ್‌ನಲ್ಲಿ ಅದು ಪಕ್ಕಕ್ಕೆ. ಕ್ಲಿಕ್ಕಿಸುವ ಕ್ಷಣದಲ್ಲೇ ಮೌಸ್ ಜರುಗಿ ಪರದೆಯ ಬಾಣ ಗುರಿ ತಪ್ಪುತ್ತದೆ. ಹೆಬ್ಬೆರಳಿನಿಂದ ಎದುರು ಒತ್ತು ಕೊಡುವುದು ರೂಢಿಯಾಗಬೇಕು, ತಳ ಅಗಲವಿರಬೇಕು. ಸಣ್ಣ ಚಿತ್ರಕೆಲಸಕ್ಕೆ ಮಾಮೂಲಿ ಮೌಸೇ ಇರಲಿ.

ಸೆನ್ಸರ್ ಎಲ್ಲಿದೆ ಎಂದು ಮೌಸ್ ಮಗುಚಿ ನೋಡಿದ್ದೀರಾ? ಮಣಿಕಟ್ಟನ್ನು ಮೇಜಿಗೆ ಊರಿ ತಿರುಗಿಸುವವರಿಗೆ ಅದು ಮುಖ್ಯ. ಮಣಿಕಟ್ಟಿನಿಂದ 80 ಮಿ.ಮೀ. ದೂರದಲ್ಲಿದ್ದರೆ 10 ಡಿಗ್ರಿ ತಿರುವಿಗೆ ಸೆನ್ಸರ್ 14 ಮಿ.ಮೀ. ಸಾಗುತ್ತದೆ, 120 ಮಿ.ಮೀ. ದೂರದಲ್ಲಿದ್ದರೆ 21. ಮುಂದಿದ್ದಷ್ಟೂ ಮಣಿಕಟ್ಟು ತಿರುಗುವುದು ಕಡಿಮೆ. ಡಿಪಿಐ, ಅಂದರೆ ಮೌಸ್ ಒಂದು ಇಂಚು ಸರಿದರೆ ಬಾಣ ಎಷ್ಟು ಚುಕ್ಕೆ ಸರಿಯುತ್ತದೆ ಎಂಬ ಲೆಕ್ಕವೂ ಇಷ್ಟೇ ಸರಳ: 800ರಲ್ಲಿ 1920 ಚುಕ್ಕೆಗಳ ಪರದೆ ದಾಟಲು 61 ಮಿ.ಮೀ., 1600ರಲ್ಲಿ 30. ಇಡೀ ಮುಂಗೈ ಚಲಿಸುವವರಿಗೆ 800 ಹಿತ, ಜಾಗ ಕಡಿಮೆ ಇದ್ದವರಿಗೆ 1600. ಅದಕ್ಕಿಂತ ಮೇಲಿನ ಸಂಖ್ಯೆಗಳು ಪೆಟ್ಟಿಗೆಯ ಮೇಲೆ ಚೆನ್ನಾಗಿ ಕಾಣುತ್ತವೆ.

ಒಂದು ಕ್ಲಿಕ್‌ಗೆ ಎರಡು ಕ್ಲಿಕ್ ಆಗುವ ಮೌಸ್ ನಿಮ್ಮಲ್ಲಿ ಹಲವರ ಮನೆಯಲ್ಲಿರಬಹುದು. ಕೀಬೋರ್ಡಿನ ಪುಟಿತದ ಕಥೆಯೇ ಇದು. ಒಳಗಿನ ಚಿಕ್ಕ ಸ್ವಿಚ್‌ನ ತಾಮ್ರದ ಎಲೆ ಬಿಗಿ ಕಳೆದುಕೊಂಡಿರುತ್ತದೆ, ತುದಿಯಲ್ಲಿ ಕಿಲುಬು ಕೂತಿರುತ್ತದೆ. ಮೌಸ್‌ನೊಳಗಿನ ವಿದ್ಯುತ್ ಎಷ್ಟು ಕಡಿಮೆ ಎಂದರೆ ಆ ಕಿಲುಬನ್ನು ಸುಟ್ಟುಹಾಕುವ ಶಕ್ತಿ ಅದಕ್ಕಿಲ್ಲ. ಬೆಸುಗೆ ಬಲ್ಲವರು ಮೂರು ಕಾಲುಗಳನ್ನು ಬಿಡಿಸಿ ಸ್ವಿಚ್ ಬದಲಿಸಬಹುದು. ಟ್ರ್ಯಾಕ್‌ಬಾಲ್ ಬಿಗಿಯಾದರೆ ಬದಲಿಸಬೇಕಾದ್ದೇನಿಲ್ಲ. ಚೆಂಡು ತೆಗೆದು ಅದನ್ನು ಹೊತ್ತ ಮೂರು ಪುಟ್ಟ ಗುಂಡುಗಳ ಸುತ್ತ ಕೂತ ಕೊಳೆಯನ್ನು ಬಟ್ಟೆಯಲ್ಲಿ ಒರೆಸಿ.

ಸ್ವಂತ ಕೀಬೋರ್ಡ್ ಮಾಡಿಕೊಳ್ಳುವ ಉತ್ಸಾಹ ಇದ್ದವರಿಗೆ ಕೊನೆಗೆ ಕೆಲವು ಮಾತು. ಬೆಸುಗೆ ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ಕಾಗದ. ಹಾಳೆಯ ಮೇಲೆ ಕೈಯನ್ನು ಸಡಿಲವಾಗಿ ಇಟ್ಟು ಪ್ರತಿ ಬೆರಳ ತುದಿಗೂ ಚುಕ್ಕೆ ಹಾಕಿ. ಹಾಗೇ ಬೆರಳನ್ನು ಚಾಚಿ ಒಂದು ಚುಕ್ಕೆ, ಮಡಚಿ ಒಂದು ಚುಕ್ಕೆ. ಮೂರನ್ನೂ ಸೇರಿಸಿದ ಗೆರೆಯೇ ಆ ಬೆರಳಿನ ಕಂಬಸಾಲು. ನಡುಬೆರಳಿನ ಕಂಬ ಎಷ್ಟು ಮೇಲೆ, ಕಿರುಬೆರಳಿನದು ಎಷ್ಟು ಕೆಳಗೆ ಎಂಬುದು ತಾನಾಗಿ ಸಿಗುತ್ತದೆ. ಅದರ ಮೇಲೆ 19.05 ಮಿ.ಮೀ. ಅಂತರದಲ್ಲಿ ಚೌಕಗಳನ್ನು ಬರೆದು ಮುದ್ರಿಸಿ. ಪ್ರಿಂಟರ್ ಸದ್ದಿಲ್ಲದೆ ಪುಟಕ್ಕೆ ಹೊಂದಿಸಿ ಕುಗ್ಗಿಸುತ್ತದೆ. ಹತ್ತು ಚೌಕ ಸೇರಿ 190.5 ಮಿ.ಮೀ. ಬಂದಿದೆಯೇ ಎಂದು ಅಳತೆಪಟ್ಟಿ ಇಟ್ಟು ನೋಡಿ. ಆ ಹಾಳೆಯ ಮೇಲೆ ಎರಡು ದಿನ ಸುಮ್ಮನೆ ಬೆರಳಾಡಿಸಿ. ಆಮೇಲೆ 1.5 ಮಿ.ಮೀ. ದಪ್ಪದ ತಗಡಿನಲ್ಲಿ 14 ಮಿ.ಮೀ. ಚೌಕದ ತೂತು. ತಗಡು ದಪ್ಪವಾದರೆ ಸ್ವಿಚ್‌ನ ಕೊಂಡಿ ಕಚ್ಚುವುದಿಲ್ಲ.

ಡಯೋಡುಗಳೆಲ್ಲದರ ಕಪ್ಪು ಪಟ್ಟಿ ಒಂದೇ ದಿಕ್ಕಿಗಿರಲಿ, ಫರ್ಮ್‌ವೇರ್‌ನಲ್ಲಿ ಹೇಳಿದ ದಿಕ್ಕಿಗೇ. ಒಂದೇ ಕೀ ಸತ್ತಿದ್ದರೆ ಅದರ ಡಯೋಡ್ ತಿರುಗಿದೆ ಅಥವಾ ಬೆಸುಗೆ ಹಿಡಿದಿಲ್ಲ. ಇಡೀ ಸಾಲು ಸತ್ತಿದ್ದರೆ ಆ ಸಾಲಿನ ತಂತಿ ಅಥವಾ ನಿಯಂತ್ರಕದ ಆ ಕಾಲು. ಯಾವ ಕೀಯೂ ಕೆಲಸ ಮಾಡದಿದ್ದರೆ ಫರ್ಮ್‌ವೇರ್‌ನಲ್ಲಿ ದಿಕ್ಕು ಅದಲುಬದಲಾಗಿರುವುದೇ ಹೆಚ್ಚು. ಒಂದು ಒತ್ತಿದರೆ ಪಕ್ಕದ ಸಾಲಿನದೂ ಬಂದರೆ ಎಲ್ಲೋ ಬೆಸುಗೆ ಸೇತುವೆ ಕಟ್ಟಿದೆ. ಎರಡು ಭಾಗಗಳನ್ನು ಕೂಡಿಸುವ ಆಡಿಯೋ ಮಾದರಿಯ ಕೇಬಲ್ಲನ್ನು ಯುಎಸ್‌ಬಿ ಚಾಲೂ ಇರುವಾಗ ಹಾಕಬೇಡಿ, ತೆಗೆಯಬೇಡಿ. ಪ್ಲಗ್ ಒಳಗೆ ಜಾರುವಾಗ ವಿದ್ಯುತ್ತಿನ ತುದಿ ನೆಲದ (ಗ್ರೌಂಡ್) ತುದಿಗೆ ಕ್ಷಣಕಾಲ ತಾಗುತ್ತದೆ; ವಾರಗಟ್ಟಲೆ ಕೂತು ಮಾಡಿದ್ದಕ್ಕೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಕಟ್ಟಿ ಮುಗಿಸಿದ ಮೇಲೆ ಬೆರಳ ತುದಿಗಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ಕೈ ನೋಡದೆ, ಒಂದು ಪುಟ ಟೈಪ್ ಮಾಡಿ. ಪ್ರತಿ ಕೀಯ ಮೇಲೂ ಒಂದು ಬಿಳಿ ಗುರುತು ಬಿದ್ದಿರುತ್ತದೆ. ಗುರುತು ನಡುವಿನಲ್ಲಿದ್ದರೆ ಸರಿ. ಒಂದು ಕಂಬದ ಕೀಗಳಲ್ಲೆಲ್ಲ ಗುರುತು ಕೆಳ ಅಂಚಿಗೇ ಬಿದ್ದಿದ್ದರೆ ನಡುವಿನಿಂದ ಅದು ಎಷ್ಟು ಮಿಲಿಮೀಟರ್ ಸರಿದಿದೆ ಎಂದು ಅಳೆದುಕೊಳ್ಳಿ. ಮುಂದಿನ ತಗಡಿನಲ್ಲಿ ಆ ಕಂಬವನ್ನು ಅಷ್ಟೇ ಕೆಳಗಿಳಿಸಿ.